ತಕ್ಕಡಿಯ ಎರಡು ತಟ್ಟೆಗಳು: ಕೊಡಗಿನ ವಿಲೀನ ಚರ್ಚೆಯ ಒಂದು ಪುನರ್ವಿಚಾರ

1

1956ರ ನವೆಂಬರ್ 1ರಂದು ಕೊಡಗು ತನ್ನ ಪ್ರತ್ಯೇಕ ರಾಜ್ಯದ ಸ್ಥಾನವನ್ನು ಬಿಟ್ಟುಕೊಟ್ಟು ವಿಶಾಲ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು. ಕರ್ನಾಟಕ ಏಕೀಕರಣವನ್ನು ಕುರಿತ ನಮ್ಮ ಬರಹಗಳಲ್ಲಿ ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಬಳ್ಳಾರಿ, ಕಾಸರಗೋಡುಗಳಿಗೆ ದೊರೆತಿರುವಷ್ಟು ಅವಕಾಶ ಕೊಡಗಿಗೆ ದೊರೆತಿಲ್ಲ. ಬಹುಮಟ್ಟಿಗೆ 'ಕೊಡಗೂ ಸೇರಿತು' ಎಂಬ ಒಂದು ಮಾತಿನಲ್ಲಿ ಆ ಅಧ್ಯಾಯ ಮುಗಿದುಹೋಗುತ್ತದೆ. ವಾಸ್ತವವಾಗಿ ಸೇರಬೇಕೆ, ಬೇಡವೆ ಎಂಬ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಎರಡು ಪಕ್ಷಗಳು ಮತದಾರರ ಮುಂದೆ ನಿಂತ ಪ್ರದೇಶ ಅದು. ಆ ಚರ್ಚೆಯ ಸ್ವರೂಪವೇನು, ಅದರಲ್ಲಿ ಭಾಷೆಯ ಪಾತ್ರವೆಷ್ಟು, ಸೋತ ಪಕ್ಷದ ವಾದದಲ್ಲಿ ಉಳಿದ ಸತ್ಯಾಂಶವೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕೊಡಗು ಕಡಲ ನಡುವಿನ ದ್ವೀಪವಲ್ಲ. ಆದರೆ 1834ರಿಂದ 1956ರವರೆಗೆ ಆಡಳಿತದ ದೃಷ್ಟಿಯಿಂದ ಅದು ನೆಲದ ನಡುವಿನ ದ್ವೀಪವೇ ಆಗಿತ್ತು. ಪೂರ್ವಕ್ಕೂ ಉತ್ತರಕ್ಕೂ ಮೈಸೂರು ಸಂಸ್ಥಾನ, ಪಶ್ಚಿಮಕ್ಕೂ ದಕ್ಷಿಣಕ್ಕೂ ಮದರಾಸು ಪ್ರಾಂತದ ಕೆನರಾ ಮತ್ತು ಮಲಬಾರುಗಳು. ನಡುವೆ ಸುಮಾರು 1,586 ಚದರ ಮೈಲಿಗಳ ಬೆಟ್ಟದ ನಾಡು. 1951ರ ಜನಗಣತಿಯ ವೇಳೆಗೂ ಅಲ್ಲಿದ್ದವರು ಸುಮಾರು 2.29 ಲಕ್ಷ ಜನ.

ಚೆನ್ನೈಯಲ್ಲಿ ಕುಳಿತು ಕೊಡಗಿನ ವಿಷಯವನ್ನು ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಕೊಡಗಿನ ಅರಸೊತ್ತಿಗೆಯನ್ನು ಕೊನೆಗಾಣಿಸಿದ ಸೈನ್ಯ ಮುಖ್ಯವಾಗಿ ಮದರಾಸಿನದು. ಆ ಬಳಿಕ ಕೊಡಗಿನಿಂದ ಕತ್ತರಿಸಿದ ಭೂಭಾಗ ಸೇರಿದ್ದು ಮದರಾಸು ಪ್ರಾಂತಕ್ಕೆ. ಕೊಡಗಿನ ಪ್ರತ್ಯೇಕತೆಯನ್ನು ಅಂತಿಮವಾಗಿ ಮುಗಿಸಿದ ಘಟನಾಪರಂಪರೆ ಮೊದಲಾದದ್ದು ಇದೇ ನಗರದ ಮೈಲಾಪುರದಲ್ಲಿ. ಇವನ್ನು ಕ್ರಮವಾಗಿ ಮುಂದೆ ನೋಡಬಹುದು.

2

ಮೊದಲಿಗೆ ಭಾಷೆಯ ಪ್ರಶ್ನೆ. ಕೊಡಗಿನಲ್ಲಿ ಆಡುವ ನುಡಿ ಒಂದಲ್ಲ. ಕೊಡವ ತಕ್ಕ್ ಕನ್ನಡದ ಉಪಭಾಷೆಯಲ್ಲ, ದಕ್ಷಿಣ ದ್ರಾವಿಡ ವರ್ಗದ ಒಂದು ಸ್ವತಂತ್ರ ಭಾಷೆ ಎಂಬುದು ಎಮೆನೋ ಅವರಂತಹ ವಿದ್ವಾಂಸರ ಅಧ್ಯಯನದಿಂದ ಸ್ಪಷ್ಟವಾಗಿದೆ. ಗೌಡರ ಅರೆಭಾಷೆ, ಸೋಮವಾರಪೇಟೆಯ ಕಡೆಯ ಕನ್ನಡ, ತುಳು, ಮಲೆಯಾಳ, ಎರವ ನುಡಿ ಇವೆಲ್ಲ ಅಲ್ಲಿ ಒಟ್ಟಿಗೆ ಬಾಳಿವೆ.

ಬರೆಹದ ಭಾಷೆಯಾದರೋ ಶತಮಾನಗಳಿಂದ ಕನ್ನಡವೇ. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟವನ್ನು ಕೊಡಗಿನ ಶಾಸನಗಳಿಗೇ ಮೀಸಲಿಟ್ಟರು. ಭಾಗಮಂಡಲ, ಪಾಲೂರುಗಳಂತಹ ಒಂದೆರಡು ಎಡೆಗಳನ್ನು ಬಿಟ್ಟರೆ ಅದರಲ್ಲಿರುವವು ಬಹುತೇಕ ಕನ್ನಡ ಶಾಸನಗಳು. ಗಂಗರ ಕಾಲದಿಂದ ಕೊಂಗಾಳ್ವ, ಚೆಂಗಾಳ್ವರವರೆಗೆ ಈ ಪರಂಪರೆ ಅವಿಚ್ಛಿನ್ನವಾಗಿ ಸಾಗಿದೆ. ಮುಂದೆ ಹಾಲೇರಿಯ ಲಿಂಗಾಯತ ಅರಸರ ಆಡಳಿತವೂ ಕನ್ನಡದಲ್ಲಿಯೇ ನಡೆಯಿತು. ದೊಡ್ಡ ವೀರರಾಜೇಂದ್ರನ ಕಾಲದ 'ರಾಜೇಂದ್ರನಾಮೆ' ಕನ್ನಡ ಗದ್ಯದಲ್ಲಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನೂ ಆಚಾರಗಳನ್ನೂ ಸಂಗ್ರಹಿಸಿ 1924ರಲ್ಲಿ 'ಪಟ್ಟೋಲೆ ಪಳಮೆ'ಯನ್ನು ಹೊರತಂದಾಗ ಕೊಡವ ಹಾಡುಗಳಿಗೆ ಅವರು ಬಳಸಿದ್ದು ಕನ್ನಡ ಲಿಪಿಯನ್ನೇ. 1932ರಲ್ಲಿ ಡಿ.ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ಮಡಿಕೇರಿಯಲ್ಲಿ ಸೇರಿತು. ಬಂಟ್ವಾಳದ ಪಂಜೆ ಮಂಗೇಶರಾಯರು ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, ಹುತ್ತರಿ ಹಬ್ಬವನ್ನು ಕುರಿತು ಬರೆದ ಹಾಡು ಕೊಡಗಿನವರಿಗೆ ತಮ್ಮದೇ ಎನಿಸಿತು.

ಇಷ್ಟೆಲ್ಲ ಇದ್ದೂ ಇದರಿಂದ ರಾಜಕೀಯ ನಿರ್ಣಯವೊಂದು ತಾನಾಗಿ ಹೊರಡುವುದಿಲ್ಲ. ಕನ್ನಡದಲ್ಲಿ ಬರೆಯುವ ಜನ ಕನ್ನಡ ರಾಜ್ಯವೊಂದರಲ್ಲಿ ಸೇರಬಯಸುತ್ತಾರೆ ಎಂದು ನಾವು ಸಲೀಸಾಗಿ ಭಾವಿಸುತ್ತೇವೆ. ಕೊಡಗಿನ ಇತಿಹಾಸ ಈ ಭಾವನೆಯನ್ನು ಪ್ರಶ್ನಿಸುತ್ತದೆ.

3

ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ 1834ರ ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯಲ್ಲಿ, ಕೊಡಗಿನ ಜನರ ಒಮ್ಮತದ ಇಚ್ಛೆಯಂತೆ ಆ ನಾಡನ್ನು ಕಂಪನಿಯ ಆಶ್ರಯಕ್ಕೆ ತೆಗೆದುಕೊಳ್ಳಲಾಗಿದೆ ಎಂಬ ಅರ್ಥದ ಮಾತಿದೆ. ಜನರ ನಡೆನುಡಿ, ಧರ್ಮಾಚಾರಗಳನ್ನು ಗೌರವಿಸುವ ಭರವಸೆಯೂ ಇದೆ. ದಂಡು ಬೀಡುಬಿಟ್ಟಿರುವಾಗ ಕೇಳಿದ ಒಪ್ಪಿಗೆಗೆ ಎಷ್ಟು ಬೆಲೆ ಎಂಬುದು ಬೇರೆ ಮಾತು. ಆದರೆ ಕೊಡಗಿನ ರಾಜಕೀಯ ಸ್ಮೃತಿಯಲ್ಲಿ ಆ ಘೋಷಣೆ ಒಂದು ಒಪ್ಪಂದದ ಸ್ಥಾನವನ್ನು ಪಡೆಯಿತು. ನಾಡು ಯಾರ ಕೈಕೆಳಗಿರಬೇಕೆಂಬುದನ್ನು ಜನರ ಇಚ್ಛೆಯ ಹೆಸರಿನಲ್ಲಿ ಹೇಳಬೇಕು ಎಂಬ ವಿಚಾರ ಕಪಟದಿಂದಲೇ ಆಗಲಿ ಅಲ್ಲಿ ಕಾಲಿಟ್ಟಿತು.

ಕೂಡಲೆ ನಡೆದ ಇನ್ನೊಂದು ಸಂಗತಿ ಜನರ ಇಚ್ಛೆಯ ಮಾತನ್ನು ಸುಳ್ಳಾಗಿಸಿತು. ಘಟ್ಟದ ಕೆಳಗೆ ಕೊಡಗಿನ ಅರಸರಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಮೊದಲಾದ ಭಾಗಗಳನ್ನು ಬಿಡಿಸಿ ಮದರಾಸು ಪ್ರಾಂತದ ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಈಗ ನಗದು ಹಣ ಕೊಡಬೇಕಾಯಿತು. ಕೈಯಲ್ಲಿ ಕಾಸಿಲ್ಲದ ಒಕ್ಕಲಿಗೆ ಇದು ವ್ಯಾಪಾರಿಯ ಬಾಗಿಲಿಗೆ ಹೋಗುವ ದಾರಿಯಾಯಿತು. 1837ರಲ್ಲಿ ಸುಳ್ಯದ ಕಡೆ ಹೊತ್ತಿಕೊಂಡ ದಂಗೆ ಮಂಗಳೂರಿನವರೆಗೆ ಹಬ್ಬಿತು. ದಂಗೆಕೋರರು ಕೆಲವು ದಿನಗಳ ಮಟ್ಟಿಗೆ ಆ ಊರನ್ನು ಹಿಡಿದುಕೊಂಡಿದ್ದರು. ದಂಗೆಯನ್ನು ಹತ್ತಿಕ್ಕಿದ ಬಳಿಕ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಇದಕ್ಕೆ ಅರಸೊತ್ತಿಗೆಯ ಮೇಲಿನ ನಿಷ್ಠೆ ಮೊದಲಾದ ಬೇರೆ ಕಾರಣಗಳೂ ಉಂಟು. ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಇಷ್ಟು: ದೊಡ್ಡ ಆಡಳಿತದೊಳಗೆ ಸೇರಿದ ಸಣ್ಣ ಪ್ರದೇಶಕ್ಕೆ ತನ್ನ ರೂಢಿಯಲ್ಲದ ನಿಯಮಗಳು ಒಮ್ಮೆಗೇ ಬಂದು ಬೀಳುತ್ತವೆ ಎಂಬ ಪಾಠವನ್ನು ಘಟ್ಟದ ಕೆಳಗಿನವರು ಮೂರೇ ವರ್ಷಗಳಲ್ಲಿ ಕಲಿತರು.

ಘಟ್ಟದ ಮೇಲಿನ ಕೊಡಗು ಮಾತ್ರ ಚೀಫ್ ಕಮಿಷನರರ ಆಡಳಿತದ ಪ್ರತ್ಯೇಕ ಪ್ರಾಂತವಾಗಿ ಉಳಿಯಿತು. 1881ರ ನಂತರ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರರೂ ಆಗಿದ್ದುದರಿಂದ ನಾಡಿನ ಮೇಲಧಿಕಾರಿ ವಾಸಿಸುತ್ತಿದ್ದುದು ಬೆಂಗಳೂರಿನಲ್ಲಿ. 1940ರಲ್ಲಷ್ಟೇ ಕೊಡಗಿಗೆ ಪ್ರತ್ಯೇಕ ಚೀಫ್ ಕಮಿಷನರರು ಬಂದರು. ಹೀಗಿದ್ದರೂ ಕಂದಾಯ, ಭೂಸ್ವಾಮ್ಯಗಳಲ್ಲಿ ಕೊಡಗಿನ ಪದ್ಧತಿ ತನ್ನದೇ ಆಗಿತ್ತು. ಅರಸರಿಗೆ ಯುದ್ಧಸೇವೆ ಸಲ್ಲಿಸುವ ಹೊಣೆಯೊಡನೆ ವಂಶಪಾರಂಪರ್ಯವಾಗಿ ಬಂದ ಜಮ್ಮ ಭೂಮಿ, ಅದಕ್ಕೆ ಹೊಂದಿದ ಬಾಣೆ ಕಾಡು, ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಊರೂರಿನ ದೇವರಕಾಡು ಇವುಗಳಲ್ಲಿ ಭೂಮಿಯ ಹಕ್ಕೂ ಕುಲದ ಮಾನವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. 1924ರಲ್ಲಿ ಹದಿನೈದು ಮಂದಿ ಚುನಾಯಿತರನ್ನೂ ಐವರು ನಾಮಕರಣ ಹೊಂದಿದವರನ್ನೂ ಒಳಗೊಂಡ ಶಾಸನ ಪರಿಷತ್ತು ರಚನೆಯಾಯಿತು. ಅಧಿಕಾರ ಸೀಮಿತವಾದರೂ 'ಇದು ನಮ್ಮ ಸಭೆ' ಎನ್ನಬಹುದಾದ ಸಂಸ್ಥೆಯೊಂದು ಕೊಡಗಿಗೆ ದೊರೆಯಿತು.

ಕಾಂಗ್ರೆಸ್ಸಿನ ವ್ಯವಸ್ಥೆಯಲ್ಲಾದರೆ ಕೊಡಗು ಕರ್ನಾಟಕ ಪ್ರಾಂತೀಯ ಕಾಂಗ್ರೆಸ್ ಸಮಿತಿಯ ವ್ಯಾಪ್ತಿಯಲ್ಲಿತ್ತು. ಹೀಗಾಗಿ ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿದ ಕೊಡಗಿನವನು ಸರಕಾರದ ಲೆಕ್ಕದಲ್ಲಿ ಒಂದು ಪ್ರತ್ಯೇಕ ಪ್ರಾಂತದವನು, ಹೋರಾಟದ ಲೆಕ್ಕದಲ್ಲಿ ಕರ್ನಾಟಕದವನು. ಮುಂದಿನ ಚರ್ಚೆಯ ಎರಡು ನಿಲುವುಗಳೂ ಈ ದ್ವಂದ್ವದಲ್ಲಿಯೇ ಬೇರು ಬಿಟ್ಟಿವೆ.

4

ಸ್ವಾತಂತ್ರ್ಯಾನಂತರ ಕೊಡಗು 1950ರ ಜನವರಿ 26ರಿಂದ 'ಸಿ' ದರ್ಜೆಯ ರಾಜ್ಯವಾಯಿತು. 1952ರ ಮೊದಲ ಮಹಾಚುನಾವಣೆಯಲ್ಲಿ ಅದರ ವಿಧಾನಸಭೆಯ 24 ಸ್ಥಾನಗಳಿಗೆ ಸ್ಪರ್ಧೆ ನಡೆಯಿತು. ಒಂದೆಡೆ ಸಂವಿಧಾನ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿದ್ದ ಸಿ.ಎಂ. ಪೂಣಚ್ಚನವರ ನಾಯಕತ್ವದ ಕಾಂಗ್ರೆಸ್. ಅದು ವಿಲೀನದ ಪರ. ಇನ್ನೊಂದೆಡೆ ಪಂದ್ಯಂಡ ಬೆಳ್ಯಪ್ಪನವರ ನಾಯಕತ್ವದ ಗುಂಪು. ಅದು ವಿಲೀನಕ್ಕೆ ವಿರೋಧ. ತಕ್ಕಡಿ ಅವರ ಗುರುತಾಗಿದ್ದುದರಿಂದ 'ತಕ್ಕಡಿ ಪಕ್ಷ' ಎಂಬ ಹೆಸರೇ ನಿಂತಿತು. ಫಲಿತಾಂಶದಲ್ಲಿ ಕಾಂಗ್ರೆಸ್ಸಿಗೆ 15, ತಕ್ಕಡಿಗೆ 9 ಸ್ಥಾನಗಳು ದೊರೆತವು. ಪೂಣಚ್ಚನವರು ಮುಖ್ಯಮಂತ್ರಿಯಾದರು, ಅವರೊಡನೆ ಕುಟ್ಟೂರು ಮಲ್ಲಪ್ಪನವರು ಸಚಿವರು. ಇಬ್ಬರೇ ಇದ್ದ ಆ ಮಂತ್ರಿಮಂಡಲ 1956ರ ಅಕ್ಟೋಬರ್ ಕೊನೆಯವರೆಗೆ ಆಡಳಿತ ನಡೆಸಿತು.

ಕೊಡವ ಸಮಾಜದಲ್ಲಿ 'ತಕ್ಕ' ಎಂದರೆ ಊರಿನ, ನಾಡಿನ ಹಿರಿಯ. 'ತಕ್ಕ್' ಎಂದರೆ ಮಾತು. ಈ ಪದಗಳಿಗೂ ತಕ್ಕಡಿಗೂ ವ್ಯುತ್ಪತ್ತಿಯ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಆದರೂ ಹಿರಿಯರ ಮಾತನ್ನು ತೂಗಿ ನೋಡುವ ಪದ್ಧತಿಯಿದ್ದ ನಾಡಿನಲ್ಲಿ ಆ ಚಿಹ್ನೆ ಅರ್ಥವಾಗದೆ ಇದ್ದಿರಲಾರದು.

ಇಲ್ಲಿ ನಾವು ಗಮನಿಸಬೇಕಾದುದು ಬೆಳ್ಯಪ್ಪನವರ ವ್ಯಕ್ತಿತ್ವವನ್ನು. ಅವರು ಗಾಂಧೀವಾದಿ, ಸ್ವಾತಂತ್ರ್ಯ ಹೋರಾಟಗಾರ, 'ಕೊಡಗು' ಎಂಬ ಕನ್ನಡ ಪತ್ರಿಕೆಯ ಸಂಪಾದಕ. ಕನ್ನಡದ ದ್ವೇಷದಿಂದ ವಿಲೀನವನ್ನು ವಿರೋಧಿಸಿದರು ಎಂದು ಅವರ ಬಗ್ಗೆ ಹೇಳಲು ಸಾಧ್ಯವೇ ಇಲ್ಲ. ವಿಲೀನ ಬೇಕೆಂದವರದೂ ಬೇಡವೆಂದವರದೂ ಬರೆಹದ ಭಾಷೆ ಒಂದೇ. ಇಬ್ಬರೂ ಒಂದೇ ರಾಷ್ಟ್ರೀಯ ಚಳವಳಿಯಿಂದ ಬಂದವರು. ವಿವಾದವಿದ್ದುದು ನುಡಿಯ ಬಗ್ಗೆ ಅಲ್ಲ, ಅಳತೆಯ ಬಗ್ಗೆ.

ಅಳತೆಯ ಪ್ರಶ್ನೆಯನ್ನು ಅಂಕಿಗಳಲ್ಲಿಯೇ ನೋಡಬಹುದು. 2.29 ಲಕ್ಷ ಜನರಿಗೆ 24 ಶಾಸಕರೆಂದರೆ ಸುಮಾರು 9,500 ಜನರಿಗೊಬ್ಬ ಪ್ರತಿನಿಧಿ. ಶಾಸಕನಿಗೆ ತನ್ನ ಕ್ಷೇತ್ರದ ಒಕ್ಕಗಳ ಹೆಸರು ತಿಳಿದಿರುವ ಗಾತ್ರ ಅದು. ಸೇರಬೇಕಾಗಿ ಬಂದ ವಿಶಾಲ ರಾಜ್ಯದ ಜನಸಂಖ್ಯೆ ಅದೇ ಜನಗಣತಿಯ ಪ್ರಕಾರ ಸುಮಾರು 1.9 ಕೋಟಿ, ಅದರಲ್ಲಿ ಕೊಡಗಿನ ಪಾಲು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಜಮ್ಮ, ಬಾಣೆಗಳಂತಹ ಬೇರೆಲ್ಲೂ ಇಲ್ಲದ ಹಕ್ಕುಗಳಿಗೆ ಕಾನೂನು ಮಾಡುವ ಸಭೆಯಲ್ಲಿ ತಮ್ಮ ಪಾಲು ನೂರಕ್ಕೆ ಒಂದಾಗುವುದೆಂದು ಒಬ್ಬ ಕೃಷಿಕ ಅಂಜಿದರೆ ಅದನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಿಲೀನದ ಪರವಾದ ಯುಕ್ತಿಯೂ ಅಷ್ಟೇ ಬಲವಾದುದು. ಇಷ್ಟು ಚಿಕ್ಕ ನಾಡು ಉನ್ನತ ಶಿಕ್ಷಣ, ವೈದ್ಯಕೀಯ, ವಿದ್ಯುತ್ತು, ನ್ಯಾಯಾಂಗ ಮೊದಲಾದುವಕ್ಕೆ ಎಂದೆಂದಿಗೂ ನೆರೆಯವರನ್ನೋ ಕೇಂದ್ರವನ್ನೋ ಅವಲಂಬಿಸಬೇಕು. ಕೇಂದ್ರದ ಅಧಿಕಾರಿಯ ಮೇಲ್ವಿಚಾರಣೆಯಲ್ಲಿರುವ 'ಸಿ' ದರ್ಜೆಯ ರಾಜ್ಯಕ್ಕೆ ಪೂರ್ಣ ಸ್ವಾಯತ್ತತೆ ಎಲ್ಲಿಯದು? ಒಂದು ತಟ್ಟೆಯಲ್ಲಿ ಸಾಮೀಪ್ಯ, ಇನ್ನೊಂದರಲ್ಲಿ ಸಾಮರ್ಥ್ಯ. ಎರಡೂ ತೂಕದವೇ.

5

1952ರ ಚುನಾವಣೆಯಿಂದ ಪ್ರಶ್ನೆ ಬಗೆಹರಿಯಿತೆನ್ನಲಾಗದು. 24ರಲ್ಲಿ 9 ಎಂದರೆ ನೂರಕ್ಕೆ 37.5ರಷ್ಟು ಸ್ಥಾನಗಳು. ಕಾಂಗ್ರೆಸ್ಸಿಗೆ ಬಿದ್ದ ಮತಗಳಲ್ಲಿ ವಿಲೀನಕ್ಕೆಂದು ಬಿದ್ದವೆಷ್ಟು, ಸ್ವಾತಂತ್ರ್ಯ ತಂದ ಪಕ್ಷವೆಂಬ ಗೌರವಕ್ಕೆ ಬಿದ್ದವೆಷ್ಟು ಎಂಬುದನ್ನು ಬೇರ್ಪಡಿಸುವ ಉಪಾಯವಿಲ್ಲ. ಇದೂ ಅಲ್ಲದೆ 1952ರಲ್ಲಿ ವಿಶಾಲ ಕರ್ನಾಟಕ ಇನ್ನೂ ಹುಟ್ಟಿರಲಿಲ್ಲ. ಮತದಾರನ ಕಣ್ಣ ಮುಂದಿದ್ದುದು ಹಳೆಯ ಮೈಸೂರು.

ಇದಕ್ಕೆ ಹೋಲಿಕೆಯಾಗಿ ಅದೇ ಕಾಲದ ನ್ಯೂಫೌಂಡ್‌ಲೆಂಡ್ ದ್ವೀಪವನ್ನು ನೋಡಬಹುದು. ಮೂರು ಲಕ್ಷಕ್ಕೆ ತುಸು ಮೇಲ್ಪಟ್ಟ ಜನಸಂಖ್ಯೆಯ ಆ ದ್ವೀಪ ಆರ್ಥಿಕ ಸಂಕಟದಿಂದಾಗಿ 1934ರಲ್ಲಿ ತನ್ನ ಸ್ವಯಮಾಡಳಿತವನ್ನು ಬ್ರಿಟನ್ನಿಗೆ ಒಪ್ಪಿಸಿತ್ತು. ಮತ್ತೆ ಸ್ವತಂತ್ರ ಆಡಳಿತ ಪಡೆಯುವುದೋ ನೆರೆಯ ಕೆನಡವನ್ನು ಸೇರುವುದೋ ಎಂಬ ಪ್ರಶ್ನೆಗೆ ಅಲ್ಲಿ 1948ರಲ್ಲಿ ಎರಡು ಬಾರಿ ಜನಮತ ತೆಗೆದುಕೊಂಡರು. ಜೂನಿನ ಮೊದಲ ಮತದಾನದಲ್ಲಿ ಸ್ವಯಮಾಡಳಿತಕ್ಕೆ ನೂರಕ್ಕೆ 44.6, ಕೆನಡಕ್ಕೆ 41.1 ಮತಗಳು ಬಿದ್ದು ಯಾವುದಕ್ಕೂ ಬಹುಮತ ಬರಲಿಲ್ಲ. ಜುಲೈ ತಿಂಗಳ ಎರಡನೆಯ ಮತದಾನದಲ್ಲಿ ಕೆನಡದ ಪಕ್ಷ 52.3ರಿಂದ ಗೆದ್ದಿತು. 1949ರ ಮಾರ್ಚ್ 31ರಂದು ದ್ವೀಪ ಕೆನಡದಲ್ಲಿ ಸೇರಿತು. ಅಲ್ಲಿಯೂ ಸೋತವರ ಕೊರಗು ಬಹುಕಾಲ ಉಳಿಯಿತು. ಆದರೆ ಸೇರಿದ ಬಳಿಕ ಅದು ತನ್ನದೇ ಶಾಸನಸಭೆಯುಳ್ಳ ಒಂದು ಪ್ರಾಂತವಾಗಿ ಉಳಿಯಿತು. ಕೊಡಗಿಗೆ ಪ್ರತ್ಯೇಕ ಜನಮತಗಣನೆಯೂ ಇರಲಿಲ್ಲ. ಸೇರಿದ ಮೇಲೆ ಶಾಸನಸಭೆಯೂ ಉಳಿಯಲಿಲ್ಲ. ಒಂದು ಕಡೆ ಸಂಯುಕ್ತ ವ್ಯವಸ್ಥೆಯೊಳಗೆ ಸೇರುವುದು, ಇನ್ನೊಂದು ಕಡೆ ಜಿಲ್ಲೆಯಾಗಿ ಕರಗುವುದು: ಎರಡನ್ನೂ 'ವಿಲೀನ' ಎಂಬ ಒಂದೇ ಪದದಿಂದ ಕರೆಯುವುದರಿಂದ ವ್ಯತ್ಯಾಸ ಮರೆಯಾಗುತ್ತದೆ.

ಕೊಡಗಿನ ತೀರ್ಮಾನವಾದದ್ದು ಕೊಡಗಿನ ಹೊರಗೆ. ಆಂಧ್ರ ರಾಜ್ಯಕ್ಕಾಗಿ ಪೊಟ್ಟಿ ಶ್ರೀರಾಮುಲು ಅವರು ಮೈಲಾಪುರದಲ್ಲಿ ಬುಲುಸು ಸಾಂಬಮೂರ್ತಿಯವರ ಮನೆಯಲ್ಲಿ ಉಪವಾಸ ಕೈಕೊಂಡು 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟರು. ನಾಲ್ಕು ದಿನಗಳಲ್ಲಿ ಆಂಧ್ರ ರಾಜ್ಯದ ಘೋಷಣೆಯಾಯಿತು. 1953ರ ಅಕ್ಟೋಬರ್ 1ರಂದು ಅದು ಸ್ಥಾಪನೆಯಾದ ದಿನವೇ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರನ್ನೊಳಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರ ಸೆಪ್ಟೆಂಬರ್ 30ರ ಅದರ ವರದಿಯಲ್ಲಿ 'ಸಿ' ದರ್ಜೆಯ ರಾಜ್ಯಗಳು ಉಳಿಯತಕ್ಕವಲ್ಲವೆಂಬ ಸಾಮಾನ್ಯ ನಿಲುವಿದೆ. ಕೊಡಗನ್ನು ಕರ್ನಾಟಕದಲ್ಲಿ ಸೇರಿಸಬೇಕೆಂಬ ಶಿಫಾರಸೂ ಇದೆ.

ವಿಲೀನ ಅನಿವಾರ್ಯವಾಗಿತ್ತು ಎಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತನ್ನು ಎಚ್ಚರದಿಂದ ಬಳಸಬೇಕು. ಹಿಮಾಚಲ ಪ್ರದೇಶವನ್ನು ಪಂಜಾಬಿನಲ್ಲಿ ಸೇರಿಸಬೇಕೆಂದು ಇದೇ ಆಯೋಗದ ಬಹುಮತ ಹೇಳಿತ್ತು. ಅಧ್ಯಕ್ಷರಾದ ಫಜಲ್ ಅಲಿಯವರು ಅದಕ್ಕೆ ಭಿನ್ನಾಭಿಪ್ರಾಯ ಬರೆದರು. ಹಿಮಾಚಲ ಕೇಂದ್ರಾಡಳಿತ ಪ್ರದೇಶವಾಗಿ ಉಳಿದು 1971ರಲ್ಲಿ ಪೂರ್ಣ ರಾಜ್ಯವಾಯಿತು. ಅಸ್ಸಾಮಿಗೆ ಸೇರಿಸಬೇಕೆಂದಿದ್ದ ತ್ರಿಪುರವೂ ಸೇರದೆ ಉಳಿದು 1972ರಲ್ಲಿ ರಾಜ್ಯವಾಯಿತು. ಅವು ಕೊಡಗಿಗಿಂತ ದೊಡ್ಡವು, ಗಡಿಯ ರಕ್ಷಣೆಯ ಕಾರಣವೂ ತ್ರಿಪುರದಂತಹವಕ್ಕೆ ಇತ್ತು ಎಂಬುದು ನಿಜ. ಆದರೂ ಚಿಕ್ಕದೆಂಬ ಒಂದೇ ಕಾರಣ ಎಲ್ಲೆಡೆಯೂ ನಿರ್ಣಾಯಕವಾಗಲಿಲ್ಲ. ಕೊಡಗಿನಲ್ಲಿ ಅಧಿಕಾರದಲ್ಲಿದ್ದ ಪಕ್ಷವೇ ವಿಲೀನವನ್ನು ಬಯಸಿತ್ತು ಎಂಬುದು ಅನಿವಾರ್ಯತೆಗಿಂತ ನಿಜವಾದ ಕಾರಣ. ಅದು ಒಂದು ಆಯ್ಕೆ. ಆಯ್ಕೆಯೆಂದು ಒಪ್ಪಿಕೊಂಡಾಗಲೇ ಪೂಣಚ್ಚನವರಿಗೂ ಬೆಳ್ಯಪ್ಪನವರಿಗೂ ಸಮನಾಗಿ ನ್ಯಾಯ ಸಲ್ಲುತ್ತದೆ.

6

ವಿಲೀನದ ಫಲವನ್ನು ಇಂದಿನ ದೂರದಿಂದ ಅಳೆಯುವಾಗ ಎರಡು ಸಂಗತಿಗಳು ಕಾಣುತ್ತವೆ.

ಮೊದಲನೆಯದು ಕಳೆದುಕೊಂಡದ್ದರ ಲೆಕ್ಕ. 24 ಶಾಸಕರ ನಾಡಿಗೆ ಬಹುಕಾಲ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂಬ ಮೂರು ವಿಧಾನಸಭಾ ಕ್ಷೇತ್ರಗಳಿದ್ದವು. 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಉಳಿದವು ಎರಡು. 1952ರಲ್ಲಿ ತನ್ನದೇ ಲೋಕಸಭಾ ಸ್ಥಾನವಿದ್ದ ಕೊಡಗು ಮುಂದೆ ಮಂಗಳೂರು ಕ್ಷೇತ್ರದ, 2008ರಿಂದ ಮೈಸೂರು ಕ್ಷೇತ್ರದ ಭಾಗವಾಯಿತು. 2011ರ ಜನಗಣತಿಯಂತೆ 5.54 ಲಕ್ಷ ಜನರಿಗೆ ಇಬ್ಬರು ಶಾಸಕರೆಂದರೆ 2.77 ಲಕ್ಷಕ್ಕೊಬ್ಬರು. ಕರ್ನಾಟಕದ 6.11 ಕೋಟಿ ಜನರಿಗೆ 224 ಶಾಸಕರೆಂದರೆ ಸರಾಸರಿ 2.73 ಲಕ್ಷಕ್ಕೊಬ್ಬರು. ಆದುದರಿಂದ ಗಣಿತದಲ್ಲಿ ಕೊಡಗಿಗೆ ಅನ್ಯಾಯವಾಗಿಲ್ಲ. ಉಳಿದ ಕನ್ನಡಿಗರಿಗೆ ಸಿಕ್ಕಷ್ಟೇ ಅದಕ್ಕೂ ಸಿಕ್ಕಿದೆ. ಆದರೆ ಕೊಡಗಿನವನು ಹೋಲಿಸಿಕೊಳ್ಳುವುದು ಬೇರೆ ಜಿಲ್ಲೆಯೊಡನೆ ಅಲ್ಲ, ತನ್ನ ಹಿಂದಿನ ಸ್ಥಿತಿಯೊಡನೆ. ಸಮಾನವಾದ ಪಾಲು ಸಿಕ್ಕಿಯೂ ನಷ್ಟದ ಭಾವನೆ ಉಳಿಯುವುದು ಹೀಗೆ. 1990ರ ದಶಕದಿಂದ ಪ್ರತ್ಯೇಕ ರಾಜ್ಯದ, ಸ್ವಾಯತ್ತತೆಯ ಬೇಡಿಕೆಗಳು ಮತ್ತೆ ಕೇಳಿಬಂದುದರ ಹಿನ್ನೆಲೆಯಲ್ಲಿ ಈ ಸ್ಮೃತಿಯಿದೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. 1952ರ ತಕ್ಕಡಿ ತೂಗಿದ್ದು ಕೊಡಗೆಂಬ ರಾಜ್ಯದ, ಅಲ್ಲಿನ ಎಲ್ಲ ಜನರ ಪ್ರಶ್ನೆಯನ್ನು. ಈಚಿನ ಕೆಲವು ಬೇಡಿಕೆಗಳು ಕೊಡವ ಜನಾಂಗದ ಅನನ್ಯತೆಯನ್ನು ಕೇಂದ್ರವಾಗಿಟ್ಟುಕೊಂಡಿವೆ. ಅರೆಭಾಷೆಯ ಗೌಡರು, ಎರವರು, ಕುರುಬರು, ಮಾಪಿಳ್ಳೆಗಳು, ತೋಟಗಳ ಕೂಲಿಕಾರರು ಇರುವ ನಾಡಿನಲ್ಲಿ ಇವೆರಡೂ ಒಂದೇ ಆಗಲಾರವು.

ಎರಡನೆಯದು ಕೂಡಿಬಂದದ್ದರ ಲೆಕ್ಕ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ದಕ್ಷಿಣ ಕನ್ನಡದ ಉಳಿದ ಭಾಗ ಮದರಾಸನ್ನು ಬಿಟ್ಟು ಮೈಸೂರಿಗೆ ಬಂದಿತು. ಅದರೊಂದಿಗೆ ಸುಳ್ಯ, ಪುತ್ತೂರುಗಳೂ ಬಂದವು. 1834ರಲ್ಲಿ ಆಡಳಿತದ ಗೆರೆಯಿಂದ ಬೇರ್ಪಟ್ಟಿದ್ದ ಘಟ್ಟದ ಮೇಲಿನ ಕೊಡಗೂ ಘಟ್ಟದ ಕೆಳಗಿನ ಸುಳ್ಯವೂ 122 ವರ್ಷಗಳ ನಂತರ ಒಂದೇ ರಾಜ್ಯದಲ್ಲಿ ಸೇರಿದವು. ಗೆರೆಯ ಎರಡೂ ಕಡೆ ಅರೆಭಾಷೆ ಆಡುವ ನೆಂಟರಿಗೆ ಇದು ಸಣ್ಣ ಸಂಗತಿಯಲ್ಲ. ಪ್ರತ್ಯೇಕ ಕೊಡಗನ್ನು ಎಷ್ಟೇ ಚೆನ್ನಾಗಿ ಕಾಪಾಡಿಕೊಂಡಿದ್ದರೂ ಇದು ದೊರೆಯುತ್ತಿರಲಿಲ್ಲ. ಮುಂದೆ ಕರ್ನಾಟಕ ಸರಕಾರ ಕೊಡವ ಸಾಹಿತ್ಯಕ್ಕೂ ಅರೆಭಾಷೆಗೂ ಬೇರೆಬೇರೆ ಅಕಾಡೆಮಿಗಳನ್ನು ಸ್ಥಾಪಿಸಿದ್ದು, ಕನ್ನಡ ರಾಜ್ಯದಲ್ಲಿ ಕನ್ನಡವಲ್ಲದ ನುಡಿಗೂ ಎಡೆಯುಂಟು ಎಂಬುದನ್ನು ತಡವಾಗಿಯಾದರೂ ಒಪ್ಪಿಕೊಂಡಂತೆ.

ಇಷ್ಟು ಪರಿಶೀಲನೆಯಿಂದ ನಮಗೆ ತೋರುವುದಿಷ್ಟು. ಕೊಡಗಿನ ವಿಲೀನದಿಂದ ಆದ ಲಾಭ ನಿಜ. ಅದಕ್ಕೆ ತೆತ್ತ ಬೆಲೆಯೂ ನಿಜ. ಏಕೀಕರಣವನ್ನು ಕೇವಲ ಭಾಷೆಯ ವಿಜಯವೆಂದು ಬರೆದಾಗ ಆ ಬೆಲೆ ಲೆಕ್ಕದಿಂದ ಬಿಟ್ಟುಹೋಗುತ್ತದೆ, ಕನ್ನಡದ ಪತ್ರಿಕಾಸಂಪಾದಕರೊಬ್ಬರು ಕನ್ನಡದ ಎದುರಾಳಿಯಂತೆ ಕಾಣತೊಡಗುತ್ತಾರೆ. ಕನ್ನಡದ ಮೇಲಿನ ಪ್ರೀತಿಯೂ ತನ್ನ ಚಿಕ್ಕ ನಾಡು ತನ್ನ ಕೈಯಲ್ಲಿರಲಿ ಎಂಬ ಆಸೆಯೂ ಒಬ್ಬನೇ ಮನುಷ್ಯನಲ್ಲಿ ವಿರೋಧವಿಲ್ಲದೆ ಇರಬಲ್ಲವು ಎಂಬುದಕ್ಕೆ ತಕ್ಕಡಿ ಪಕ್ಷವೇ ನಿದರ್ಶನ. 1952ರಿಂದ 1956ರವರೆಗಿನ ಕೊಡಗು ವಿಧಾನಸಭೆಯ ಕಲಾಪಗಳನ್ನೂ ಆ ಕಾಲದ ಕೊಡಗಿನ ಪತ್ರಿಕೆಗಳನ್ನೂ ಒಟ್ಟಿಗೆ ಇಟ್ಟು ಓದುವ ಕೆಲಸವನ್ನು ನಮ್ಮ ತರುಣ ಸಂಶೋಧಕರು ಕೈಗೆತ್ತಿಕೊಳ್ಳಬೇಕು. ಗೆದ್ದವರ ಮಾತು ರಾಜ್ಯದ ಚರಿತ್ರೆಯಲ್ಲಿ ಈಗಾಗಲೇ ಇದೆ. ಸೋತ ಒಂಬತ್ತು ಸ್ಥಾನಗಳ ಮಾತು ಕನ್ನಡದಲ್ಲಿಯೇ ಆಡಿದ್ದು. ಅದನ್ನು ಓದಿ ಕಾಪಾಡುವ ಹೊಣೆಯೂ ಕನ್ನಡ ವಿದ್ವತ್ತಿನದೇ.